ಲಾಟಿನ ವಾರ್ಮ್ ಅಪ್ ರೆಕಾರ್ಡಿಂಗ್: ಫೋನು, ಕೈ ರೆಕಾರ್ಡರ್, ಜೋಡಿ ಮೈಕು, ಕಿವಿ ಮೈಕು

ಡ್ರಮ್ ಕೋರ್, ಅಂದರೆ ಹಿತ್ತಾಳೆ ವಾದ್ಯ ಮತ್ತು ಡ್ರಮ್ಮುಗಳ ಕವಾಯತು ತಂಡಗಳ, ಹುಚ್ಚು ಹತ್ತಿದವರಿಗೆ ಕ್ರೀಡಾಂಗಣದೊಳಗಿನ ಪ್ರದರ್ಶನಕ್ಕಿಂತ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ನಡೆಯುವ ಹಿತ್ತಾಳೆ ಸಾಲಿನ ವಾರ್ಮ್ ಅಪ್ ಎಷ್ಟೋ ಸಲ ಹೆಚ್ಚು ರುಚಿಸುತ್ತದೆ. ಅಮೆರಿಕದ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ಸ್ಪರ್ಧೆಗಳಲ್ಲಿ 2004ರಿಂದ ಧ್ವನಿವರ್ಧಕಕ್ಕೂ 2009ರಿಂದ ಸಿಂಥಸೈಜರಿನಂಥ ಎಲೆಕ್ಟ್ರಾನಿಕ್ ವಾದ್ಯಗಳಿಗೂ ಅವಕಾಶವಿದೆ. ಹಾಗಾಗಿ ಮೈದಾನದಲ್ಲಿ ಕಿವಿಗೆ ಬೀಳುವುದರಲ್ಲಿ ಸ್ಪೀಕರಿನ ಪಾಲೂ ಇರುತ್ತದೆ. ಅಭಿಮಾನಿಗಳು ‘ಲಾಟ್’ ಎನ್ನುವ ಆ ಹೊರಜಾಗದಲ್ಲಿ ಅದೇನೂ ಇಲ್ಲ. ಟ್ರಂಪೆಟ್, ಮೆಲೋಫೋನ್, ಬ್ಯಾರಿಟೋನ್, ಯುಫೋನಿಯಂ, ಹೆಗಲ ಮೇಲೆ ಹೊತ್ತ ಕಾಂಟ್ರಾ (ಮಂದ್ರದ ಟ್ಯೂಬಾ) ಹಿಡಿದು ಎಪ್ಪತ್ತೆಂಬತ್ತು ಜನ ಕಮಾನಿನಂತೆ ನಿಂತು ಊದುತ್ತಾರೆ, ಅಷ್ಟೆ. ಇಂಡಿಯಾನಾಪೊಲಿಸ್‌ನ ಲೂಕಸ್ ಆಯಿಲ್ ಸ್ಟೇಡಿಯಂ ಒಳಗೆ ಮಾರ್ದನಿ ನುಂಗಿಬಿಡುವ ಸೂಕ್ಷ್ಮಗಳೆಲ್ಲ ಬಯಲಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ.

ಇಲ್ಲಿ ಹೋಲಿಸಿರುವುದು ಆ ವಾರ್ಮ್ ಅಪ್ಪಿನ ದನಿಯನ್ನು ಹಿಡಿಯುವ ನಾಲ್ಕು ದಾರಿಗಳನ್ನು. ನಾಲ್ಕನ್ನೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಇಟ್ಟು, ಆಮೇಲೆ ಕಡತಗಳ ಜೋರು ಸಮ ಮಾಡಿಕೊಂಡು ಕೇಳಿದ್ದು. ಜೋರು ಸಮ ಮಾಡದೆ ಹೋಲಿಸಬೇಡಿ, ಹೆಚ್ಚು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ.

ಸಾಧನಕ್ಕಿಂತ ಮೊದಲು ಜಾಗ. ಕಮಾನಿನ ಕೇಂದ್ರದಲ್ಲಿ ಕಲಿಸುವವರು ನಿಂತಿರುತ್ತಾರೆ, ವಾದ್ಯಗಳ ಅಗಲ ಬಾಯಿಗಳಾದ ಬೆಲ್‌ಗಳೆಲ್ಲ ಅವರತ್ತ ಮುಖ ಮಾಡಿರುತ್ತವೆ. ಟ್ರಂಪೆಟಿನ ದನಿಯ ತೀಕ್ಷ್ಣ ಮೇಲ್ಕಂಪನಗಳು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತವೆ. ಕಾಂಟ್ರಾದ ಮಂದ್ರ ಎಲ್ಲ ಕಡೆಗೂ ಹರಡುತ್ತದೆ. ಸಾಲಿನ ಹಿಂದೆ ನಿಂತರೆ ಬರೀ ಗುಮ್ಮೆನ್ನುವ ಕೆಳದನಿ, ಒಂದು ತುದಿಯಲ್ಲಿ ನಿಂತರೆ ಹತ್ತಿರದ ಮೂರು ಜನರ ಕಛೇರಿ. ಸರಿಯಾದ ಜಾಗ ಕಲಿಸುವವರ ಬೆನ್ನ ಹಿಂದೆ 3–4 ಮೀಟರ್, ಮೈಕು ನೆಲದಿಂದ ಸುಮಾರು 2.5 ಮೀಟರ್ ಎತ್ತರದಲ್ಲಿ. ಆ ಎತ್ತರದಲ್ಲಿ ಮುಂದೆ ನಿಂತವರ ತಲೆ ಅಡ್ಡ ಬರುವುದಿಲ್ಲ. ಕಲಿಸುವವರ ಮತ್ತು ಸಾಲಿನ ನಡುವೆ ಎಂದೂ ಹೋಗಬಾರದು. ರೆಕಾರ್ಡ್ ಮಾಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ತಾಳ ಕೊಡುವ ಮೆಟ್ರೊನೋಮಿನ ಸ್ಪೀಕರ್ ಎಲ್ಲಿದೆ ಅಂತಲೂ ನೋಡಿ, ಅದರ ಬಾಯಿಗೆ ಮೈಕು ಕೊಟ್ಟರೆ ಮುಂದೆ ಏನು ಮಾಡಿದರೂ ಆ ಟಕ್ ಟಕ್ ಹೋಗದು.

ಈ ಜಾಗದಲ್ಲಿ ಫೋನು ಸೋಲುವುದು ಮೈಕಿನಿಂದಲ್ಲ, ತಾನೇ ಮಟ್ಟ ಏರಿಳಿಸುವ ಚಾಳಿಯಿಂದ. ಫೋನುಗಳನ್ನು ಮಾತಿಗೆಂದು ಹದ ಮಾಡಿರುತ್ತಾರೆ. ಸ್ವರಗುಚ್ಛ ಧಡ್ಡನೆ ಬಂದಾಗ ಅದನ್ನು ಅದುಮುತ್ತದೆ, ಸಾಲು ನಿಲ್ಲಿಸಿದ ಕೂಡಲೇ ಬಸ್ಸು, ಜನರೇಟರು, ಜನರ ಮಾತನ್ನು ಮೇಲೆತ್ತುತ್ತದೆ. ಮೆಲ್ಲಗಿಂದ ಜೋರಿಗೆ ಏರಿದ್ದು ಕಡತದಲ್ಲಿ ಚಪ್ಪಟೆ. ಮಟ್ಟವನ್ನು ಕೈಯಿಂದ ಕಟ್ಟಿಹಾಕುವ ಆ್ಯಪ್ ಇದ್ದರೆ ಅರ್ಧ ಕಾಯಿಲೆ ವಾಸಿ. ಬೇಸಿಗೆಯ ಬಿಸಿಲಿಗೆ ಫೋನು ಕಾದು ತಾನಾಗಿ ಆಫ್ ಆಗುವುದಕ್ಕೆ ಮಾತ್ರ ನೆರಳು ಬಿಟ್ಟರೆ ಮದ್ದಿಲ್ಲ.

ಎರಡು ಮೈಕು ತಲೆಗಳು ಒಂದರ ಮೇಲೊಂದು ಅಡ್ಡಹಾಯ್ದಿರುವ ಎಕ್ಸ್‌ವೈ ಕೈ ರೆಕಾರ್ಡರ್ ಹೆಚ್ಚಿನವರು ಮೊದಲು ಕೊಳ್ಳುವ ಸಾಧನ, ಕೊಳ್ಳಲಿ ಕೂಡ. ಎದುರಿನದನ್ನು ಸ್ಪಷ್ಟವಾಗಿ ಹಿಡಿಯುತ್ತದೆ, ಬೆನ್ನ ಹಿಂದಿನ ಹರಟೆಯನ್ನು ತಗ್ಗಿಸುತ್ತದೆ. ದೋಷ ಎರಡು. ತಲೆಗಳು 90 ಡಿಗ್ರಿಯಲ್ಲಿದ್ದರೆ ಅಗಲ ಸಾಲು ಸ್ಪೀಕರುಗಳ ನಡುವೆ ಕುಗ್ಗಿ ಕೂರುತ್ತದೆ, 120ಕ್ಕೆ ತಿರುಗಿಸಲು ಬಂದರೆ ತಿರುಗಿಸಿ. ಇನ್ನು, ಇಂಥ ಏಕಮುಖಿ ಮೈಕುಗಳಿಗೆ ದೂರದ ಮಂದ್ರ ಸರಿಯಾಗಿ ಸಿಗುವುದಿಲ್ಲ, ಕಾಂಟ್ರಾ ಬಡಕಲಾಗುತ್ತದೆ. ಅದರ ಮೇಲೆ ಗಾಳಿಯ ಸದ್ದಿಗೆ ಹೆದರಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಲೋ ಕಟ್ ಒತ್ತಿದರೆ ಕಥೆ ಮುಗಿಯಿತು. ಕಾಂಟ್ರಾದ ಕೆಳಗಿನ ಬಿ ಫ್ಲ್ಯಾಟ್ 58 ಹರ್ಟ್ಸ್, ಅದರ ಕೆಳಗಿನ ಎಫ್ 44ರ ಹತ್ತಿರ. ಎರಡೂ ಕತ್ತರಿಯ ಕೆಳಗೇ ಬರುತ್ತವೆ. ಲೋ ಕಟ್ ಮುಟ್ಟಬೇಡಿ, ಗಾಳಿಗೆ ತುಪ್ಪಳದ ಟೋಪಿ ಹಾಕಿ. ಜೊತೆಗೆ ಬರುವ ತೆಳು ಸ್ಪಂಜು ಬಯಲಿಗೆ ಸಾಲದು.

ಮಟ್ಟ ಇಡುವಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ವಾರ್ಮ್ ಅಪ್ ಉಸಿರಿನ ಅಭ್ಯಾಸದಿಂದ ಶುರುವಾಗಿ ಎಫ್ ಸ್ವರದ ದೀರ್ಘ ನಾದಕ್ಕೆ ಬರುತ್ತದೆ. ಆಮೇಲೆ ಎಫ್‌ನಿಂದ ಅರ್ಧ ಸ್ವರ ಇಳಿದು ಹತ್ತಿ, ಮತ್ತೆ ಒಂದು ಸ್ವರ ಇಳಿದು ಹತ್ತುವ ರೆಮಿಂಗ್ಟನ್ ಪಾಠ, ವಾಲ್ವ್ ಬದಲಿಸದೆ ತುಟಿಯಿಂದಲೇ ಸ್ವರದಿಂದ ಸ್ವರಕ್ಕೆ ಜಾರುವ ಸ್ಲರ್‌ಗಳು, ಎಲ್ಲರೂ ಸೇರಿ ನಿಧಾನವಾಗಿ ನುಡಿಸುವ ಕೋರಾಲ್. ಪ್ರದರ್ಶನದ ಜೋರು ತುಣುಕುಗಳು ಕೊನೆಗೆ. ದೀರ್ಘ ನಾದ ಕೇಳಿ ಮಟ್ಟ ಇಟ್ಟವರ ಕಡತ ಕೊನೆಯ ಐದು ನಿಮಿಷದಲ್ಲಿ ಒಡೆದಿರುತ್ತದೆ, ಅಂದರೆ ಮಟ್ಟ ಮಿತಿ ಮೀರಿ ದನಿ ಕರಕರ ಎನ್ನುತ್ತದೆ. ಆರಂಭದಲ್ಲಿ ಸೂಚಿ ಮೈನಸ್ 24 ಡೆಸಿಬೆಲ್ಲಿನ ಸುತ್ತ ಆಡಲಿ, ಜೋರಿನ ತುದಿ ಮೈನಸ್ 6 ದಾಟದಿರಲಿ. ತೀರ ಮೆಲ್ಲಗಿನಿಂದ ತೀರ ಜೋರಿನವರೆಗೂ ಬರೆದಿಡಬಲ್ಲ 32 ಬಿಟ್ ಫ್ಲೋಟ್ ರೆಕಾರ್ಡರಿಗೆ ಈ ಚಿಂತೆ ಇಲ್ಲ ಎನ್ನುತ್ತಾರೆ, ಅದು ಅರ್ಧ ನಿಜ. ಒಳಗಿನ ಲೆಕ್ಕ ಒಡೆಯುವುದಿಲ್ಲ, ಆದರೆ ಮೈಕಿನ ತಲೆಯೇ ತಾಳಲಾರದಷ್ಟು ಜೋರಾದರೆ ಯಾವ ಬಿಟ್ಟೂ ಉಳಿಸದು. ಜಾಗವೂ ಹೆಚ್ಚು ಬೇಕು: 48 ಕಿಲೋಹರ್ಟ್ಸ್ ಸ್ಟೀರಿಯೊಗೆ 24 ಬಿಟ್ಟಿನಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, 32ರಲ್ಲಿ 23.

ನಮ್ಮ ಒಲವು ಮೂರನೆಯದರ ಕಡೆಗೆ. ಸರ್ವಮುಖಿ ಮೈಕುಗಳ ಜೋಡಿ, ನಡುವೆ 40ರಿಂದ 60 ಸೆಂಟಿಮೀಟರ್ ಅಂತರ, ಒಂದೇ ಸ್ಟ್ಯಾಂಡಿನ ಅಡ್ಡಪಟ್ಟಿಯ ಮೇಲೆ. ಅಂತರ ಒಂದು ಮೀಟರ್ ದಾಟಿದರೆ ಸಾಲಿನ ನಡುಭಾಗ ಟೊಳ್ಳಾಗುತ್ತದೆ. ಈ ಮೈಕುಗಳಿಗೆ ಮಂದ್ರ ಪೂರ್ತಿ ಕೇಳುತ್ತದೆ, ಗಾಳಿಯ ಕಾಟವೂ ಕಡಿಮೆ. ಆದರೆ ಹಿಂದಿನದು ಮುಂದಿನದು ಎಂಬ ಭೇದವಿಲ್ಲ. ಪಕ್ಕದ ಲಾಟಿನಲ್ಲಿ ಬಾರಿಸುತ್ತಿರುವ ಡ್ರಮ್ ಸಾಲೂ ಒಳಗೆ ಬರುತ್ತದೆ.

ಇಷ್ಟಾದರೂ ಇದನ್ನೇ ಮೇಲೆ ಇಡಲು ಕಾರಣ ಶ್ರುತಿ. ಒಳ್ಳೆಯ ಸಾಲು ಮೇಜರ್ ಗುಚ್ಛ (ಷಡ್ಜ, ಗಾಂಧಾರ, ಪಂಚಮ ಒಟ್ಟಿಗೆ) ಹಿಡಿದಾಗ ಪಿಯಾನೋದ ಲೆಕ್ಕಕ್ಕೆ ಊದುವುದಿಲ್ಲ. ಗಾಂಧಾರವನ್ನು 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಇಳಿಸುತ್ತದೆ, ಪಂಚಮವನ್ನು 2 ಸೆಂಟ್ ಏರಿಸುತ್ತದೆ. ತಂಬೂರಿಯ ಮಂದ್ರ ಷಡ್ಜದಲ್ಲಿ ಸ್ವಯಂಭೂ ಗಾಂಧಾರ ಕೇಳಿದ ಕಿವಿಗೆ ಇದು ಹೊಸದಲ್ಲ. ಗುಚ್ಛ ಹಾಗೆ ಕೂತಾಗ ಯಾರೂ ಊದದ ಸ್ವರವೊಂದು ಕೆಳಗೆ ಮೊಳಗುತ್ತದೆ. 233 ಹರ್ಟ್ಸ್‌ನ ಬಿ ಫ್ಲ್ಯಾಟಿಗೆ ಶುದ್ಧ ಪಂಚಮ ಸೇರಿದರೆ, ಎರಡರ ವ್ಯತ್ಯಾಸವಾದ 116.5 ಹರ್ಟ್ಸ್ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಬಿ ಫ್ಲ್ಯಾಟ್. ಈ ಸ್ವರ ಬಹುಮಟ್ಟಿಗೆ ಹುಟ್ಟುವುದು ಕೇಳುವವರ ಕಿವಿಯಲ್ಲೇ. ಆದ್ದರಿಂದ ಕಡತ ಮೇಲಿನ ಸ್ವರಗಳನ್ನು ಕೆಡಿಸದೆ ತಂದು, ಕೇಳುವಾಗ ಸಾಕಷ್ಟು ಜೋರಿಟ್ಟರೆ ಮನೆಯಲ್ಲೂ ಅದು ಹುಟ್ಟುತ್ತದೆ. ಜೋಡಿ ಮೈಕಿನ ಕಡತದಲ್ಲಿ, ಸಾಲು ನಿಲ್ಲಿಸಿದ ಮೇಲೆ ಗುಚ್ಛ ಗಾಳಿಯಲ್ಲಿ ಕರಗುವ ಕ್ಷಣದವರೆಗೂ ಅದು ಉಳಿಯಿತು. ಎಚ್ಚರ ಒಂದಿದೆ: ಒಡೆದ ಕಡತವೂ ಸುಳ್ಳು ವ್ಯತ್ಯಾಸ ಸ್ವರಗಳನ್ನು ತಾನೇ ಹುಟ್ಟಿಸುತ್ತದೆ. ಫೋನಿನ ವಿಡಿಯೊದಲ್ಲಿ ‘ಎಂಥಾ ಮೊಳಗು!’ ಅನ್ನಿಸಿದ್ದು ಎಷ್ಟೋ ಸಲ ಸಾಲಿನದಲ್ಲ, ಒಡಕಿನದು.

ಕಿವಿಗೆ ಸಿಕ್ಕಿಸಿಕೊಳ್ಳುವ ಬೈನಾರಲ್ ಮೈಕು ಹೆಡ್‌ಫೋನಿನಲ್ಲಿ ಮಾತ್ರ ಬೆರಗು ಹುಟ್ಟಿಸುತ್ತದೆ. ಕಣ್ಣು ಮುಚ್ಚಿದರೆ ಕಮಾನಿನ ಎದುರೇ ನಿಂತಂತೆ, ಮೆಲೋಫೋನ್ ಎಲ್ಲಿ, ಬ್ಯಾರಿಟೋನ್ ಎಲ್ಲಿ ಎಂದು ಬೆರಳು ತೋರಿಸಬಹುದು. ಸ್ಪೀಕರಿನಲ್ಲಿ ಹಾಕಿದರೆ ಆ ಚಂದ ಹಾರಿಹೋಗಿ ದನಿ ಮಂಕಾಗುತ್ತದೆ. ತಲೆ ತಿರುಗಿಸಿದರೆ ಇಡೀ ಸಾಲೇ ತಿರುಗುತ್ತದೆ, ಎಂಜಲು ನುಂಗಿದ್ದೂ ದಾಖಲಾಗುತ್ತದೆ. ರೆಕಾರ್ಡರಿನ ಜ್ಯಾಕಿನಿಂದ ಬರುವ ಎರಡು ಮೂರು ವೋಲ್ಟಿನ ಮೇಲೆ ನಡೆಯುವ ಈ ಪುಟ್ಟ ಮೈಕುಗಳು ಜೋರಿಗೆ ಬೇಗ ಒಡೆಯುತ್ತವೆ. 9 ವೋಲ್ಟಿನ ಬ್ಯಾಟರಿ ಡಬ್ಬಿ ನಡುವೆ ಸೇರಿಸಿದರೆ ತಾಳಿಕೆ ಹೆಚ್ಚುತ್ತದೆ. ಕಿವಿಯ ಗತಿಯನ್ನೂ ಯೋಚಿಸಬೇಕು: 100 ಡೆಸಿಬೆಲ್ ಸದ್ದಿಗೆ ಅಮೆರಿಕದ ಉದ್ಯೋಗ ಸುರಕ್ಷತೆ ಮತ್ತು ಆರೋಗ್ಯದ ನಿಯೋಶ್ ಸಂಸ್ಥೆ ಶಿಫಾರಸು ಮಾಡಿರುವ ಮಿತಿ ದಿನಕ್ಕೆ 15 ನಿಮಿಷ. ಉಳಿದ ಮೂರು ವಿಧಾನದಲ್ಲಿ ಇಯರ್‌ಪ್ಲಗ್ ಹಾಕಿಕೊಂಡು ನಿಲ್ಲಬಹುದು, ಇದರಲ್ಲಿ ಕಷ್ಟ.

ಆರಿಸುವುದಾದರೆ: ಮನೆಯಲ್ಲಿ ಒಳ್ಳೆಯ ಸ್ಪೀಕರ್ ಇದ್ದು, ಸ್ಟ್ಯಾಂಡ್ ಹೊತ್ತು ತಿರುಗಲು ಬೇಸರವಿಲ್ಲದಿದ್ದರೆ ಸರ್ವಮುಖಿ ಜೋಡಿ. ಕೇಳುವುದೆಲ್ಲ ಹೆಡ್‌ಫೋನಿನಲ್ಲೇ ಆದರೆ ಬ್ಯಾಟರಿ ಡಬ್ಬಿಯ ಸಮೇತ ಕಿವಿ ಮೈಕು. ಒಂದೇ ಸಾಧನ, ಒಂದೇ ಕೈಚೀಲ ಅನ್ನುವವರಿಗೆ ಎಕ್ಸ್‌ವೈ ರೆಕಾರ್ಡರ್ ಮತ್ತು ತುಪ್ಪಳದ ಟೋಪಿ. ಸುತ್ತ ಜನ ಹರಟುತ್ತ ನಿಂತ ಫೈನಲ್ಸ್ ವಾರದಲ್ಲಿ ಈ ಶ್ರೇಯಾಂಕ ಬದಲಾಗುತ್ತದೆ. ಹರಟೆ ಹೆಚ್ಚಿದ್ದಲ್ಲಿ ಎಕ್ಸ್‌ವೈ ಮುಂದೆ, ಗಾಳಿಯಲ್ಲಿ ಜೋಡಿಯೇ ಮುಂದೆ.

ಕಡತದ ಹೆಸರಿನಲ್ಲಿ ಕೋರ್, ದಿನಾಂಕ, ಊರಿನ ಜೊತೆ ಆ ಹೊತ್ತಿನ ತಾಪಮಾನವನ್ನೂ ಬರೆದಿಡಿ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಶಬ್ದದ ವೇಗ ಹೆಚ್ಚಿ, ಹಿತ್ತಾಳೆಯ ಶ್ರುತಿ ಲೆಕ್ಕದಲ್ಲಿ ಸುಮಾರು 3 ಸೆಂಟ್ ಏರುತ್ತದೆ. ಊದುವವರ ಉಸಿರು ವಾದ್ಯದ ಒಳಗನ್ನು ಒಂದೇ ಹದದಲ್ಲಿಡುವುದರಿಂದ ನಿಜದಲ್ಲಿ ಏರಿಕೆ ಅದಕ್ಕಿಂತ ಕಡಿಮೆ, ಆದರೂ ಇದ್ದೇ ಇರುತ್ತದೆ. ಮಧ್ಯಾಹ್ನದ ಕಡತ ಸಂಜೆಯದಕ್ಕಿಂತ ಮೇಲಿದೆ ಎಂದು ಕಂಪ್ಯೂಟರಿನಲ್ಲಿ ಎಳೆದು ಪ್ರಮಾಣ ಶ್ರುತಿಯಾದ 440 ಹರ್ಟ್ಸ್‌ಗೆ ತರಲು ಹೋಗಬೇಡಿ. ಸಾಲು ಅಂದು ಊದಿದ್ದೇ ಹಾಗೆ.