ಹ್ಯಾಂಕೆಲ್ ಡಿಟರ್ಮಿನೆಂಟ್: ಯಾವ ದಾರಿಯಲ್ಲಿ ಹೋದರೆ ಏನು ಸಿಗುತ್ತದೆ?

1, 1, 2, 6, 24, 120... ಈ ಫ್ಯಾಕ್ಟೋರಿಯಲ್‌ಗಳೇ ಲಾಗೇರ್ ಬಹುಪದೋಕ್ತಿಗಳ ಮೊಮೆಂಟ್‌ಗಳು (x ನ ಒಂದೊಂದು ಘಾತವನ್ನು ಆ ಬಹುಪದೋಕ್ತಿಗಳ ತೂಕದ ಫಲನದಿಂದ ಗುಣಿಸಿ ಇಂಟಿಗ್ರೇಟ್ ಮಾಡಿದರೆ ಬರುವ ಸಂಖ್ಯೆಗಳು). ಇವನ್ನು ಹೀಗೆ ಜೋಡಿಸಿ: ಮೊದಲ ಸಾಲು 1, 1, 2. ಎರಡನೆಯದು 1, 2, 6. ಮೂರನೆಯದು 2, 6, 24. ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಮನೆ ಮುಂದಿನಿಂದ ಶುರುವಾಗುತ್ತದೆ. ಇದೇ ಹ್ಯಾಂಕೆಲ್ ಮ್ಯಾಟ್ರಿಕ್ಸ್. ಇದರ ಡಿಟರ್ಮಿನೆಂಟ್ (ಚೌಕ ಮ್ಯಾಟ್ರಿಕ್ಸ್‌ನಿಂದ ಒಂದು ನಿಯಮದ ಪ್ರಕಾರ ಸಿಗುವ ಒಂದೇ ಸಂಖ್ಯೆ) 4. ಅಳತೆ, ಅಂದರೆ ಸಾಲುಗಳ ಸಂಖ್ಯೆ, 1ರಿಂದ ದೊಡ್ಡದು ಮಾಡುತ್ತಾ ಹೋದರೆ 1, 1, 4, 144 ಅಂತ ಬರುತ್ತದೆ. ಬೇರೆ ಬೇರೆ ಮೊಮೆಂಟ್‌ಗಳ ಮೇಲೆ ನಾನು ಈ ಲೆಕ್ಕವನ್ನು ಕೆಲವು ಸಲ ಕಾಗದದಲ್ಲಿ, ಉಳಿದಂತೆ ಪೈಥಾನ್‌ನಲ್ಲಿ ಮಾಡಿದ್ದೇನೆ. ಉತ್ತರ ಎಲ್ಲ ದಾರಿಯಲ್ಲೂ ಒಂದೇ. ಆದರೆ ಉತ್ತರದ ಜೊತೆಗೆ ಇನ್ನೇನು ಕೈಗೆ ಬರುತ್ತದೆ ಅನ್ನೋದರಲ್ಲಿ ತುಂಬಾ ವ್ಯತ್ಯಾಸ ಇದೆ. ನನಗೆ ಮುಖ್ಯ ಅನಿಸೋದು ಅದೇ.

ಮೊದಲು ಬರೈಸ್ ವಿಧಾನ, 1968ರದ್ದು. ಸಾಲಿನಿಂದ ಸಾಲು ಕಳೆಯುವ ಮಾಮೂಲಿ ಎಲಿಮಿನೇಷನ್ನೇ. ಆದರೆ ಪೂರ್ಣಾಂಕಗಳಿಂದ ಶುರು ಮಾಡಿದರೆ ಪ್ರತಿ ಭಾಗಾಕಾರವೂ ಶೇಷವಿಲ್ಲದೆ ಮುಗಿಯುತ್ತದೆ, ಭಿನ್ನರಾಶಿ ಬರೋದೇ ಇಲ್ಲ. ನಂಬಿಕಸ್ಥ ವಿಧಾನ. ಆದರೆ ಇದಕ್ಕೆ ಹ್ಯಾಂಕೆಲ್ ಜೋಡಣೆಯ ಗುರುತೇ ಇಲ್ಲ, ಯಾವ ಮ್ಯಾಟ್ರಿಕ್ಸ್ ಕೊಟ್ಟರೂ ಅಷ್ಟೇ ದುಡಿಯುತ್ತದೆ. ಅಳತೆ ಎರಡು ಪಟ್ಟಾದರೆ ಕೆಲಸ ಸುಮಾರು ಎಂಟು ಪಟ್ಟು.

ಕಾಗದದ ಮೇಲೆ ಮಾಡೋದಾದರೆ ಡಾಡ್ಜ್‌ಸನ್ 1866ರಲ್ಲಿ ಪ್ರಕಟಿಸಿದ ಕಂಡೆನ್ಸೇಷನ್‌ಗೆ ಸಾಟಿ ಇಲ್ಲ. ಹ್ಯಾಂಕೆಲ್‌ಗಂತೂ ಇಡೀ ಮ್ಯಾಟ್ರಿಕ್ಸ್ ಬರೆಯೋದೇ ಬೇಡ, ಮೊಮೆಂಟ್‌ಗಳ ಒಂದು ಸಾಲು ಸಾಕು. 1, 1, 2, 6, 24, 120, 720 ಬರೆಯಿರಿ. ಎಡಬಲದ ಸಂಖ್ಯೆಗಳ ಗುಣಲಬ್ಧದಿಂದ ನಡುವಿನದರ ವರ್ಗ ಕಳೆಯಿರಿ. ಕೆಳಗಿನ ಸಾಲು 1, 2, 12, 144, 2880. ಮುಂದಿನ ಸಾಲಿಗೂ ಇದೇ ಕೆಲಸ, ಆದರೆ ಬಂದದ್ದನ್ನು ಎರಡು ಸಾಲು ಮೇಲೆ ನೇರಕ್ಕೆ ಇರುವ ಸಂಖ್ಯೆಯಿಂದ ಭಾಗಿಸಬೇಕು. (1×12 − 4) ÷ 2 = 4. ಹಾಗೇ ಮುಂದೆ 24, 576. ಕೊನೆಗೆ (4×576 − 576) ÷ 12 = 144. ಮುಗೀತು! ಪ್ರತಿ ಸಾಲಿನ ಎಡತುದಿ ಓದಿದರೆ 1, 1, 4, 144, ಎಲ್ಲ ಅಳತೆಯ ಉತ್ತರವೂ ಅಲ್ಲೇ.

ತೊಂದರೆ ಸೊನ್ನೆಯದು. ಹರ್ಮೀಟ್ ಮೊಮೆಂಟ್‌ಗಳು 1, 0, 1, 0, 3, 0, 15. ಎರಡನೇ ಸಾಲು 1, −1, 3, −9, 45. ಮೂರನೇ ಸಾಲಿನ ನಡುವೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಆ ಒಂದು ಮನೆಯನ್ನು ಬೇರೆ ದಾರಿಯಿಂದ ತುಂಬಿದರೆ (ಅದು 0) ಮುಂದೆ 12 ಸಿಗುತ್ತದೆ. ಪ್ರೋಗ್ರಾಂ ಬರೆಯುವಾಗ ಇದು ಕಿರಿಕಿರಿ.

ನಾನು ಜಾಸ್ತಿ ಬಳಸೋದು ಚೆಬಿಶೆವ್ ಅವರ ದಾರಿ, 1859ರದ್ದು. ಆರ್ಥೊಗೊನಲ್ ಬಹುಪದೋಕ್ತಿಗಳಲ್ಲಿ (ಬೇರೆ ಬೇರೆ ಎರಡನ್ನು ಗುಣಿಸಿ, ಅದೇ ತೂಕದ ಜೊತೆ ಇಂಟಿಗ್ರೇಟ್ ಮಾಡಿದರೆ ಸೊನ್ನೆ ಬರುವಂಥವು; ಲಾಗೇರ್, ಹರ್ಮೀಟ್ ಇಂಥವೇ) ಮುಂದಿನದನ್ನು ಹಿಂದಿನ ಎರಡರಿಂದ ಕಟ್ಟಬಹುದು, ಅಲ್ವಾ? ಆ ಸಂಬಂಧದಲ್ಲಿ ಎರಡು ಬಗೆಯ ಸಂಖ್ಯೆಗಳಿರುತ್ತವೆ: ಈಗಿನದಕ್ಕೆ ಅಂಟಿದ ಆಲ್ಫಾ, ಅದರ ಹಿಂದಿನದಕ್ಕೆ ಅಂಟಿದ ಲ್ಯಾಮ್ಡಾ. ಈ ವಿಧಾನ ಅವನ್ನೇ ನೇರವಾಗಿ ಹೊರತೆಗೆಯುತ್ತದೆ. ಫ್ಯಾಕ್ಟೋರಿಯಲ್‌ಗೆ ಮೊದಲ ಆಲ್ಫಾ 1. ಎರಡನೇ ಮೊಮೆಂಟ್‌ನಿಂದ ಹಿಡಿದು, ಪ್ರತಿಯೊಂದನ್ನೂ ಅದರ ಮುಂದಿನದರಿಂದ ಕಳೆಯಿರಿ: 1, 4, 18. ಮುಂದಿನ ಆಲ್ಫಾ 4 − 1 = 3. ಮೂರನೇ ಸಾಲಿನ ತಲೆ, ಅಂದರೆ ಮೊದಲ ಸಂಖ್ಯೆ, 18 − 3×4 − 1×2 = 4 (3 ಆಲ್ಫಾ, 1 ಲ್ಯಾಮ್ಡಾ, 2 ಮೂರನೇ ಮೊಮೆಂಟ್). ಸಾಲುಗಳ ತಲೆಗಳು 1, 1, 4, ಅವುಗಳ ಗುಣಲಬ್ಧವೇ ಡಿಟರ್ಮಿನೆಂಟ್. ಒಂದು ತಲೆಯನ್ನು ಹಿಂದಿನ ತಲೆಯಿಂದ ಭಾಗಿಸಿದರೆ ಲ್ಯಾಮ್ಡಾ: 1, 4, ಮುಂದೆ 9, 16. ವರ್ಗಗಳು ಎದ್ದು ಕಾಣುತ್ತವೆ! 5ರ ಅಳತೆಗೆ 1⁴ × 4³ × 9² × 16 = 82944. ಬರೈಸ್‌ನಲ್ಲೂ 82944 ಬರುತ್ತದೆ, ಆದರೆ ಬರೀ ಆ ಸಂಖ್ಯೆ ನೋಡಿ ಸೂತ್ರ ಊಹಿಸೋದು ಕಷ್ಟ. ಇಲ್ಲಿ ಸೂತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೆಲಸವೂ ಕಡಿಮೆ, ಅಳತೆ ಎರಡು ಪಟ್ಟಾದರೆ ನಾಲ್ಕೇ ಪಟ್ಟು.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ: ದಶಮಾಂಶ ಬೇಡ, ಭಿನ್ನರಾಶಿಯಲ್ಲೇ ಮಾಡಿ. 0ಯಿಂದ 1ರವರೆಗಿನ ಲೆಜಾಂಡರ್ ಮೊಮೆಂಟ್‌ಗಳು 1, 1/2, 1/3... ಅಂದರೆ ಹಿಲ್ಬರ್ಟ್ ಮ್ಯಾಟ್ರಿಕ್ಸ್. 4ರ ಅಳತೆಗೇ ಡಿಟರ್ಮಿನೆಂಟ್ 1/6048000. 10ರ ಅಳತೆಗೆ ಕಂಡಿಷನ್ ನಂಬರ್ (ಸಣ್ಣ ತಪ್ಪು ಎಷ್ಟು ಪಟ್ಟು ಹಿಗ್ಗಬಹುದು ಅನ್ನೋ ಲೆಕ್ಕ) 10¹³ ದಾಟುತ್ತದೆ. ಕಂಪ್ಯೂಟರ್‌ನ ಮಾಮೂಲಿ ದಶಮಾಂಶದಲ್ಲಿ ಇರೋದೇ ಸುಮಾರು 16 ಅಂಕಿ. 1/3 ಅನ್ನು ದಶಮಾಂಶ ಮಾಡಿದ ಕ್ಷಣವೇ ನಷ್ಟ ಆಗಿಹೋಗಿರುತ್ತದೆ, ಆಮೇಲೆ ಯಾವ ವಿಧಾನವೂ ಕಾಪಾಡಲ್ಲ. ಲ್ಯಾಮ್ಡಾಗಳು ಮೊದಲೇ ಗೊತ್ತಿದ್ದರೆ (1/12, 1/15, 9/140...) ಮಾತ್ರ ದಶಮಾಂಶಕ್ಕೂ ಹೆದರಬೇಕಿಲ್ಲ. ಅಲ್ಲಿ ಬರೀ ಗುಣಾಕಾರ, ಕಳೆಯೋದಿಲ್ಲ.

ಚೆಬಿಶೆವ್ ದಾರಿಯೂ ಒಂದು ಕಡೆ ಸೋಲುತ್ತದೆ. ಮೋಟ್ಸ್‌ಕಿನ್ ಸಂಖ್ಯೆಗಳನ್ನು (1, 1, 2, 4, 9, 21...) ಮೊದಲ ಮನೆ ಬಿಟ್ಟು ತೆಗೆದುಕೊಳ್ಳಿ: 1, 2, 4, 9, 21. 2ರ ಅಳತೆಯ ಡಿಟರ್ಮಿನೆಂಟ್ 0, ಹಾಗಾಗಿ ಒಂದು ತಲೆ ಸೊನ್ನೆ, ಅದರಿಂದ ಭಾಗಿಸೋ ಹಾಗಿಲ್ಲ. ಬರೈಸ್‌ನಲ್ಲಾದರೆ ಎರಡು ಸಾಲು ಅದಲುಬದಲು ಮಾಡಿ, ಚಿಹ್ನೆ ತಿರುಗಿಸಿ ಮುಂದೆ ಹೋದರೆ 3ರ ಅಳತೆಗೆ −1 ಸಿಗುತ್ತದೆ. ಇದೊಂದು ಕಾರಣಕ್ಕೆ ನನ್ನ ಪ್ರೋಗ್ರಾಂನಲ್ಲಿ ಎರಡನ್ನೂ ಇಟ್ಟಿದ್ದೇನೆ.

ಇನ್ನೊಂದು ದಾರಿಯಲ್ಲಿ ಲೆಕ್ಕಕ್ಕಿಂತ ಚಿತ್ರವೇ ಜಾಸ್ತಿ. ಕ್ಯಾಟಲಾನ್ ಸಂಖ್ಯೆಗಳು 1, 1, 2, 5, 14. ಇವುಗಳ ಹ್ಯಾಂಕೆಲ್ ಡಿಟರ್ಮಿನೆಂಟ್ ಎಲ್ಲ ಅಳತೆಗೂ 1. ಯಾಕೆ? ಲಿಂಡ್‌ಸ್ಟ್ರೋಮ್, ಗೆಸೆಲ್, ವಿಯೆನ್ನೋ ತೋರಿಸಿದ ಹಾಗೆ, ನೆಲದಿಂದ ಹತ್ತಿ ಇಳಿಯುವ, ಒಂದಕ್ಕೊಂದು ತಾಗದ ಹಾದಿಗಳನ್ನು ಎಣಿಸಿದರೆ ಡಿಟರ್ಮಿನೆಂಟ್ ಬರುತ್ತದೆ. ಒಳಗಿನ ಹಾದಿ ಒಂದು ಚುಕ್ಕೆ. ಅದನ್ನು ತಾಗಬಾರದು ಅಂದರೆ ಮುಂದಿನದು ನೇರ ಎರಡು ಮೆಟ್ಟಿಲು ಹತ್ತಿ ಇಳಿಯಲೇಬೇಕು. ಅದರಾಚೆಯದು ನಾಲ್ಕು. ಯಾರಿಗೂ ಆಯ್ಕೆಯೇ ಇಲ್ಲ, ಆದ್ದರಿಂದ 1. ಎರಡು ಮನೆ ಬಿಟ್ಟು 2, 5, 14 ಅಂತ ಶುರು ಮಾಡಿದರೆ ಹಾದಿಗಳಿಗೆ ಸ್ವಲ್ಪ ಜಾಗ ಸಿಗುತ್ತದೆ. ಆಗ ಡಿಟರ್ಮಿನೆಂಟ್‌ಗಳು 2, 3, 4, 5. ಕಂಡೆನ್ಸೇಷನ್‌ನಲ್ಲಿ ಇದನ್ನು ಮಾಡಿ ನೋಡಿ, ಎರಡು ನಿಮಿಷದ ಕೆಲಸ.