ರ‍್ಯಾಪ್‌ಗೂ ಆಡಿಷನ್‌ಗೂ ಒಂದೇ ಮೈಕ್ ಸಾಕಾ? ಶ್ಯೂರ್ ಎಸ್‌ಎಂ58, ಸ್ಕಾರ್ಲೆಟ್ ಸೋಲೋ ಜೋಡಿ

ತುಮಕೂರಿನ ರ‍್ಯಾಪ್ ಹುಡುಗರು ಈಗ ಹಾಡಿಗಷ್ಟೇ ನಿಲ್ಲುತ್ತಿಲ್ಲ. ಟ್ರ್ಯಾಕ್ ಬಿಟ್ಟ ಮರುವಾರವೇ ಯಾವುದಾದರೂ ಸಿನಿಮಾದ ಆಡಿಷನ್‌ಗೆ ವಿಡಿಯೋ ಕಳಿಸುತ್ತಾರೆ. ಚಂದನ್ ಶೆಟ್ಟಿ, ಆಲ್ ಓಕೆ ಥರದವರು ರ‍್ಯಾಪ್‌ನಿಂದ ಬಂದು ಕ್ಯಾಮೆರಾ ಮುಂದೆ ನಿಂತದ್ದನ್ನು ನೋಡಿ ಬೆಳೆದವರು ಇವರು. ಗುಬ್ಬಿ ಇರುವ ಜಿಲ್ಲೆಗೆ ಇದೇನೂ ಹೊಸದಲ್ಲ ಬಿಡಿ. ಕಂಪನಿ ನಾಟಕದಲ್ಲಿ ಪಾತ್ರ ಮಾಡುವವನೇ ಹಾಡಬೇಕಿತ್ತು. ಈಗ ಎಲ್ಲರ ಪ್ರಶ್ನೆ ದುಡ್ಡಿನದು: ಶ್ಯೂರ್ ಎಸ್‌ಎಂ58 ಮೈಕು, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ ನಾಲ್ಕನೇ ಜನರೇಷನ್ ಇಂಟರ್‌ಫೇಸು (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಇವೆರಡನ್ನು ತಗೊಂಡರೆ ಹಾಡು, ನಟನೆ ಎರಡೂ ನಡೆಯುತ್ತಾ? ಕೇಬಲ್ಲು, ಸ್ಟ್ಯಾಂಡು ಸೇರಿದರೆ ಖರ್ಚು 20 ಸಾವಿರ ದಾಟುತ್ತೆ, ಹಾಗಾಗಿ ಕೇಳುವುದು ಸರಿಯೇ. ಹಾಡಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಆಡಿಷನ್‌ಗೆ ಮಾತ್ರ ಈ ಮೈಕ್ ಚೀಲದಲ್ಲೇ ಇರಲಿ.

ಮೊದಲು ಹಾಡು. ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ವೇದಿಕೆಯ ಮೈಕ್ ಅಂದರೆ ಇದೇ. ಇದು ಡೈನಮಿಕ್ ಮೈಕ್. 50ರಿಂದ 15,000 ಹರ್ಟ್ಸ್‌ವರೆಗೆ ಹಿಡಿಯುತ್ತೆ, ತೂಕ 298 ಗ್ರಾಂ. ಈ ತೂಕ ನೆನಪಿಡಿ, ಯಾಕಂದರೆ ಇದರ ನಕಲಿ ಮಾಲು ಬೇಕಾದಷ್ಟಿದೆ, ಅದರಲ್ಲಿ ಬಹಳಷ್ಟು ಕೈಯಲ್ಲಿ ಹಿಡಿದರೇ ಹಗುರ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ತಂದರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ನೋಡಿ, ಜಿಎಸ್‌ಟಿ ಬಿಲ್ ಇಟ್ಟುಕೊಳ್ಳಿ. ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ ಅದು ಎಸ್‌ಎಂ58 ಅಲ್ಲ.

ಇಷ್ಟು ದುಡ್ಡಿಗೆ ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕೇ ಬರುತ್ತಲ್ಲ ಅನ್ನುವವರಿದ್ದಾರೆ. ಬರುತ್ತೆ, ಆದರೆ ಅದಕ್ಕೆ ರೂಮ್ ಬೇಕು. ನಮ್ಮ ಮನೆಗಳಲ್ಲಿ ಆರ್‌ಸಿಸಿ ಮಾಳಿಗೆ, ಟೈಲ್ಸ್ ನೆಲ, ಬೋಳು ಗೋಡೆ. ಕಂಡೆನ್ಸರ್ ಇಟ್ಟರೆ ನಿಮ್ಮ ದನಿ, ಅದರ ಗುಂಯ್ ಅನ್ನುವ ಮರುದನಿ, ಪಕ್ಕದ ಮನೆ ಕುಕ್ಕರ್ ಸೀಟಿ, ಬಿ.ಎಚ್. ರಸ್ತೆಯ ಲಾರಿ ಹಾರನ್ನು ಎಲ್ಲವೂ ಒಂದೇ ಟ್ರ್ಯಾಕಿಗೆ ಬಂದು ಕೂರುತ್ತೆ. ಎಸ್‌ಎಂ58 ಅಷ್ಟು ಸೂಕ್ಷ್ಮ ಅಲ್ಲ, ಈ ರೂಮುಗಳಲ್ಲಿ ಅದೇ ಅದರ ಗುಣ. ಮುಂದಿನದನ್ನು ಚೆನ್ನಾಗಿ ಕೇಳುತ್ತೆ, ಬೆನ್ನ ಹಿಂದಿನದಕ್ಕೆ ಹೆಚ್ಚುಕಮ್ಮಿ ಕಿವುಡು.

ಇಲ್ಲೇ ತುಂಬಾ ಜನ ಎಡವುವುದು. ಕಿಟಕಿಯಿಂದ ಸದ್ದು ಬರುತ್ತೆ ಅಂತ ಕಿಟಕಿಗೆ ಬೆನ್ನು ಮಾಡಿ ಹಾಡುತ್ತಾರೆ, ಫೋಮ್ ತಂದು ಮೈಕಿನ ಹಿಂದಿನ ಗೋಡೆಗೆ ಅಂಟಿಸುತ್ತಾರೆ. ಎರಡೂ ಉಲ್ಟಾ. ಮೈಕ್ ನೋಡುತ್ತಿರುವುದು ನಿಮ್ಮ ಕಡೆಗೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಯ ಕಡೆಗೆ. ಹಾಗಾಗಿ ಕಿಟಕಿಗೆ ಮುಖ ಮಾಡಿ ನಿಲ್ಲಿ, ಕಿಟಕಿ ಮೈಕಿನ ಬೆನ್ನಿಗೆ ಬರಲಿ. ನಿಮ್ಮ ಬೆನ್ನ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ನೇತುಹಾಕಿ, ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು. ತೆಳ್ಳನೆಯ ಫೋಮ್ ಹಾಳೆಗಿಂತ ಅಜ್ಜಿ ಹೊಲಿದ ಕೌದಿ ಎಷ್ಟೋ ಮೇಲು.

ಬಾಯಿಗೂ ಮೈಕಿಗೂ 5 ಸೆಂಟಿಮೀಟರ್ ಇರಲಿ. ಪ, ಬ, ಭ ಬಂದಾಗ ಗಾಳಿ ಹೊಡೆದು 'ಡುಬ್' ಅನ್ನುತ್ತೆ. ಕನ್ನಡದಲ್ಲಿ ವೇಗವಾಗಿ ಹೇಳುವಾಗ ಅದು ಸಾಲಿಗೆ ನಾಲ್ಕು ಸಲ ಬಂದರೂ ಬಂತು. ಮೈಕನ್ನು ಬಾಯಿಗೆ ನೇರ ಇಡದೆ ತುಟಿಯ ಅಂಚಿನಿಂದ ಓರೆಯಾಗಿ, 30-40 ಡಿಗ್ರಿ ತಿರುಗಿಸಿ ಇಟ್ಟರೆ ಮುಕ್ಕಾಲು ಪಾಲು ಹೋಗುತ್ತೆ. ಇನ್ನು ವೇದಿಕೆಯ ಚಟ: ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವುದು. ನೋಡಲು ಖದರ್ರಾಗಿರುತ್ತೆ, ಆದರೆ ಜಾಲರಿ ಮುಚ್ಚಿದರೆ ಹಿಂದಿನ ಸದ್ದು ತಡೆಯುವ ವ್ಯವಸ್ಥೆಯೇ ಕೆಟ್ಟು, ದನಿ ಡಬ್ಬದೊಳಗಿಂದ ಬಂದಂತೆ ಕೇಳುತ್ತೆ, ಸ್ಟೇಜಿನಲ್ಲಿ ಸ್ಪೀಕರ್ ಕೂಗುತ್ತೆ.

ಸೋಲೋ ವಿಷಯಕ್ಕೆ ಬಂದರೆ, ಇದರ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಶಕ್ತಿ, 57 ಡೆಸಿಬಲ್. ಹತ್ತಿರದಿಂದ ಗಟ್ಟಿಯಾಗಿ ಹೇಳುವ ರ‍್ಯಾಪ್‌ಗೆ ಧಾರಾಳ. ಅತಿ ಜೋರಿನ ಸಾಲು ಹೇಳಿಸಿ, ಸಾಫ್ಟ್‌ವೇರ್‌ನ ಮೀಟರ್‌ನಲ್ಲಿ ಮೈನಸ್ 10ರಿಂದ ಮೈನಸ್ 6ರ ಒಳಗೆ ನಿಲ್ಲುವಂತೆ ಗುಂಡಿ ತಿರುಗಿಸಿ. ಗುಂಡಿಯ ಸುತ್ತಲಿನ ದೀಪ ಕೆಂಪಾದರೆ ಆ ಟೇಕ್ ಹೋಯಿತು ಅಂತಲೇ ಲೆಕ್ಕ. ಕಂಡೆನ್ಸರ್ ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಬಟನ್ ಈ ಮೈಕಿಗೆ ಬೇಕಿಲ್ಲ. ಟ್ರ್ಯಾಕ್ ಮೋನೋ ಇರಲಿ, ಇಲ್ಲದಿದ್ದರೆ ದನಿ ಒಂದೇ ಕಿವಿಗೆ ಬರುತ್ತೆ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಫೋಕಸ್‌ರೈಟ್‌ನವರದೇ ಡ್ರೈವರ್ ಹಾಕಿ, ದನಿ ತಡವಾಗದಂತೆ ಬಫರ್ 128ಕ್ಕೆ ಇಡಿ. ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ರೆಕಾರ್ಡ್ ಮಾಡುವ ಆಸೆ ಬಿಡಿ, ಬೀಟ್ ತಡವಾಗಿ ಕೇಳಿ ಇಡೀ ವರ್ಸ್ ಹಿಂದೆ ಬೀಳುತ್ತೆ. ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ, ಝುಂ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಬಹುಪಾಲು ಅಲ್ಲೇ ನಿಲ್ಲುತ್ತೆ.

ಈಗ ನಟನೆ. ಆಡಿಷನ್ ವಿಡಿಯೋದಲ್ಲಿ ಮೈಕ್ ಕಾಣಬಾರದು, ಎದೆಮಟ್ಟದ ಫ್ರೇಮ್ ಅಂದರೆ ಮೈಕ್ ಕನಿಷ್ಠ 40 ಸೆಂಟಿಮೀಟರ್ ದೂರ ಹೋಗುತ್ತೆ. ದೂರ ದುಪ್ಪಟ್ಟಾದ ಪ್ರತಿ ಸಲ ಸದ್ದು 6 ಡೆಸಿಬಲ್ ಇಳಿಯುತ್ತೆ. 5ರಿಂದ 40ಕ್ಕೆ ಹೋದರೆ ಮೂರು ದುಪ್ಪಟ್ಟು, 18 ಡೆಸಿಬಲ್. ಜೊತೆಗೆ ಮಾತು ರ‍್ಯಾಪ್‌ಗಿಂತ ಮೆಲ್ಲಗೆ ಬೇರೆ. ಗೇನ್ ಪೂರ್ತಿ ತಿರುಗಿಸಿದರೂ ದನಿ ಸಣ್ಣಗೆ, ರೂಮು ದೊಡ್ಡದಾಗಿ ಕೇಳುತ್ತೆ. ಸೋಲೋದ ತಪ್ಪಲ್ಲ, ಎಸ್‌ಎಂ58 ಮಾಡಿರುವುದೇ ತುಟಿಗೆ ತಾಗಿಸಿ ಹಾಡಲಿಕ್ಕೆ.

ಆಡಿಷನ್‌ಗೆ ಬೇಕಾದದ್ದು ಕಾಲರ್ ಮೈಕ್. ಬೋಯಾ ಬಿವೈ-ಎಂ1 ಸಾಕು, 6 ಮೀಟರ್ ವೈರ್ ಇರುತ್ತೆ, ಬೆಲೆಯೂ ಎಸ್‌ಎಂ58ರ ಮುಂದೆ ಚಿಲ್ಲರೆ. ಅದರಲ್ಲಿ ಒಂದು ಸ್ವಿಚ್ ಇದೆ: ಫೋನಿಗೆ ಹಾಕಿದಾಗ ಸ್ಮಾರ್ಟ್‌ಫೋನ್ ಕಡೆ, ಕ್ಯಾಮೆರಾಗೆ ಹಾಕಿದಾಗ ಕ್ಯಾಮೆರಾ ಕಡೆ. ಕ್ಯಾಮೆರಾ ಕಡೆ ಇದ್ದಾಗ ಎಲ್‌ಆರ್44 ಬ್ಯಾಟರಿ ತಿನ್ನುತ್ತೆ, ಅದು ಯಾವ ವಾಚ್ ಅಂಗಡಿಯಲ್ಲಾದರೂ ಸಿಗುತ್ತೆ. 3.5 ಎಂಎಂ ತೂತಿಲ್ಲದ ಫೋನಾದರೆ ಟೈಪ್-ಸಿ ಕನ್ವರ್ಟರ್ ಬೇಕು, ಆದರೆ ಕೆಲವು ಕನ್ವರ್ಟರ್ ಹಾಡು ಕೇಳಿಸಲು ಮಾತ್ರ, ಮೈಕ್ ಒಳಗೆ ತಗೊಳ್ಳಲ್ಲ. ಅಂಗಡಿಯಲ್ಲೇ ರೆಕಾರ್ಡ್ ಮಾಡಿ ನೋಡಿ ತನ್ನಿ. ಮೈಕ್ ಗಲ್ಲದಿಂದ 15-20 ಸೆಂಟಿಮೀಟರ್ ಕೆಳಗೆ ಸಿಗಿಸಿ, ಫ್ಯಾನ್ ಆಫ್ ಮಾಡಿ. ಕತ್ತಿನ ಚೈನು ತೆಗೆದಿಡಿ, ಪ್ರತಿ ಉಸಿರಿಗೂ ಅದು ಮೈಕಿಗೆ ಬಡಿದು ಕಟಕಟ ಅನ್ನುತ್ತೆ.

ಸಾಮಾನು ಬದಲಿಸಿದರೆ ಸಾಲದು, ಅಭ್ಯಾಸವೂ ಬದಲಾಗಬೇಕು. ರ‍್ಯಾಪ್‌ನಲ್ಲಿ ನಾಲ್ಕು ನಾಲ್ಕು ಬಾರ್ ತುಂಡು ಮಾಡಿ ಅಂಟಿಸಬಹುದು, ಆಡಿಷನ್ ಟೇಕ್ ಒಂದೇ ಉಸುರಿಗೆ ಹೋಗಬೇಕು. ವಿಲ್ ಸ್ಮಿತ್ ಕಥೆ ಗೊತ್ತಿರಬಹುದು. ಡಿಜೆ ಜ್ಯಾಜಿ ಜೆಫ್ ಜೊತೆ 1989ರಲ್ಲಿ ರ‍್ಯಾಪ್‌ನ ಮೊದಲ ಗ್ರ್ಯಾಮಿ ತಗೊಂಡವನು, 1990ರಲ್ಲಿ 'ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್-ಏರ್' ಧಾರಾವಾಹಿಗೆ ಬಂದಾಗ ಭಯಕ್ಕೆ ಇಡೀ ಸ್ಕ್ರಿಪ್ಟನ್ನೇ ಬಾಯಿಪಾಠ ಮಾಡಿದ್ದ. ಮೊದಮೊದಲ ಕಂತುಗಳಲ್ಲಿ ಎದುರಿನವರು ಮಾತಾಡುವಾಗ ಅವನ ತುಟಿ ಆಡುವುದು ಕಾಣುತ್ತೆ, ಮುಂದೆ ಅವನೇ ಅದನ್ನು ಹೇಳಿಕೊಂಡ. ಆಸ್ಕರ್ ಸಿಕ್ಕಿದ್ದು 2022ರಲ್ಲಿ. ಟ್ರ್ಯಾಕ್ ಪೂರ್ತಿ ಬಾಯಲ್ಲಿಟ್ಟುಕೊಂಡು ಬಂದವರಿಗೆಲ್ಲ ಈ ಕಾಯಿಲೆ ಇರುತ್ತೆ. ನಿಮ್ಮ ವಿಡಿಯೋವನ್ನು ಸೌಂಡ್ ತೆಗೆದು ಒಮ್ಮೆ ನೋಡಿ, ಎದುರಿನವರ ಸಾಲಿಗೆ ನಿಮ್ಮ ತುಟಿ ಅಲ್ಲಾಡುತ್ತಿದ್ದರೆ ಗೊತ್ತಾಗುತ್ತೆ. ಫೋನಿನ ಹಿಂದೆ ಕೂತು ಎದುರಿನ ಸಾಲು ಓದುವವರು ಪ್ರತಿ ಟೇಕಿಗೂ ಬೇರೆ ವೇಗದಲ್ಲಿ ಓದಿದರೆ ಇದು ಬೇಗ ಬಿಡುತ್ತೆ.

ಇನ್ನೊಂದು ಹೆಡ್‌ಫೋನ್ ಚಟ. ತನ್ನ ದನಿ ಕಿವಿಯಲ್ಲಿ ಕೇಳುತ್ತಿದ್ದರೆ ಮಾತಾಡುವವನು ದನಿಯನ್ನೇ ತಿದ್ದುತ್ತಾ ಕೂರುತ್ತಾನೆ, ಎದುರಿನವರನ್ನು ಕೇಳಲ್ಲ. ಲಂಡನ್ನಿನ ರಿಜ್ ಅಹ್ಮದ್, ರಿಜ್ ಎಂಸಿ ಅಂತ ರ‍್ಯಾಪ್ ಮಾಡುತ್ತಿದ್ದವನು, 'ಸೌಂಡ್ ಆಫ್ ಮೆಟಲ್'ನಲ್ಲಿ ಕಿವುಡಾಗುವ ಡ್ರಮ್ಮರ್ ಪಾತ್ರಕ್ಕೆ ತಿಂಗಳುಗಟ್ಟಲೆ ಡ್ರಮ್ಮು, ಸನ್ನೆ ಭಾಷೆ ಕಲಿತ. ತನ್ನ ದನಿಯೇ ಕೇಳದ ಹಾಗೆ ಕಿವಿಯೊಳಗೆ ಬರೀ 'ಶ್ಶ್' ಸದ್ದು ಬಿಡುವ ಸಾಧನ ಹಾಕಿಕೊಂಡ. ನೀವು ಅಷ್ಟು ದೂರ ಹೋಗಬೇಡಿ, ಟೇಕ್ ಹೊತ್ತಿಗೆ ಹೆಡ್‌ಫೋನ್ ಕಳಚಿದರೆ ಸಾಕು.

ಮನೆಯಲ್ಲಿ ಡಬ್ಬಿಂಗ್ ಅಭ್ಯಾಸಕ್ಕೆ ಈ ಜೋಡಿ ನಡೆಯುತ್ತೆ. ಬಾಯಿಯಿಂದ 15 ಸೆಂಟಿಮೀಟರ್ ದೂರ ಇಡಿ, ಅದಕ್ಕಿಂತ ಹತ್ತಿರ ಬಂದರೆ ಕೆಳದನಿ ಉಬ್ಬಿ ರೇಡಿಯೋ ಜಾಹೀರಾತಿನಂತೆ ಆಗುತ್ತೆ. ಚಿತ್ರದ ಜೊತೆ ಹೋಗುವ ಯಾವುದೇ ಆಡಿಯೋಗೆ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಆಡಿಯೋ ಬೇರೆ ರೆಕಾರ್ಡ್ ಮಾಡುತ್ತಿದ್ದರೆ ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಜೋಡಿಸಲು ಅದೇ ಗುರುತು.

ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಕಾಲರ್ ಮೈಕ್ ಮೊದಲು ತಗೊಳ್ಳಿ, ಆಮೇಲೆ ಎಸ್‌ಎಂ58, ಸೋಲೋ ಒಟ್ಟಿಗೆ. ಒಂದಿಲ್ಲದೆ ಇನ್ನೊಂದು ಲ್ಯಾಪ್‌ಟಾಪಿಗೆ ಉಪಯೋಗವಿಲ್ಲ. ಎಲ್‌ಸಿ ಅಂತ ಬರೆದ ಎಸ್‌ಎಂ58 ಡಬ್ಬಿಯಲ್ಲಿ ಕೇಬಲ್ ಬರಲ್ಲ, ಮೈಕನ್ನು ಸೋಲೋಗೆ ಜೋಡಿಸುವ 3 ಮೀಟರ್‌ನ ಎಕ್ಸ್‌ಎಲ್‌ಆರ್ ಕೇಬಲ್ ಅದೇ ದಿನ ತಗೊಂಡುಬಿಡಿ.