ವಾಲಗಕ್ಕೆ ಕುಣಿದವನ ಮುಖ ಬ್ಲರ್ ಮಾಡಲು ಹೋಗಿ: ಮೂರು ಸಾಫ್ಟ್‌ವೇರ್, ಒಂದು ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ಒಂದೇ, ಅದೂ ಪುಕ್ಕಟೆಯದ್ದು. ದುಡ್ಡು ಕೊಟ್ಟು ತಂದದ್ದನ್ನು ತೆಗೆದುಹಾಕಿದೆ. ಯಾಕೆ ಅನ್ನುವುದಕ್ಕೆ ಒಂದು ಮದುವೆಯ ಕಥೆ ಹೇಳಬೇಕು.

ಮೇ ತಿಂಗಳಲ್ಲಿ ವಿರಾಜಪೇಟೆಯಲ್ಲಿ ಒಂದು ಕೊಡವ ಮದುವೆ ಶೂಟ್ ಮಾಡಿದ್ದೆ. ನಮ್ಮಲ್ಲಿ ಸೀಸನ್ ಮುಗಿದು ಮಳೆ ಹಿಡಿದ ಮೇಲೇ ಎಡಿಟಿಂಗ್ ಶುರುವಾಗುವುದು. ಜೂನ್ ಕೊನೆಗೆ ಮನೆಯವರು ಯೂಟ್ಯೂಬ್‌ಗೆ ಅಂತ ಅರ್ಧ ಗಂಟೆಯ ವಿಡಿಯೋ ಕೇಳಿದರು. ಅದು ರೆಡಿ ಆಗುವ ಹೊತ್ತಿಗೆ ಹುಡುಗಿ ಕಡೆಯ ಒಬ್ಬ ಹುಡುಗ ಬೆಂಗಳೂರಿನಿಂದ ಫೋನ್ ಮಾಡಿದ. "ಅಣ್ಣಾ, ಆಫೀಸಿಗೆ ಜ್ವರ ಅಂತ ಹೇಳಿ ಬಂದಿದ್ದೆ. ನಮ್ಮ ಮ್ಯಾನೇಜರ್ ಹೆಂಡ್ತಿ ಗೋಣಿಕೊಪ್ಪದವರು, ವಿಡಿಯೋ ನೋಡೇ ನೋಡ್ತಾರೆ. ನನ್ನ ಮುಖ ಒಂಚೂರು ಬ್ಲರ್ ಮಾಡಿಬಿಡಿ."

ಕತ್ತರಿಸಿ ಬಿಸಾಕೋಣ ಅಂದರೆ ಆಗುವುದಿಲ್ಲ. ಅವನು ವಾಲಗಕ್ಕೆ ಕುಣಿಯುತ್ತಿರುವುದು ಮದುಮಗಳ ಅಜ್ಜಿಯ ಪಕ್ಕದಲ್ಲೇ. ಅಜ್ಜಿ ಕುಣಿಯುವ ಶಾಟ್ ಅದೊಂದೇ. ಒಂದೇ ಟೇಕ್, 3 ನಿಮಿಷ 40 ಸೆಕೆಂಡ್. ಸೆಕೆಂಡಿಗೆ 25 ಫ್ರೇಮ್ ಲೆಕ್ಕ ಹಾಕಿದರೆ 5,500 ಫ್ರೇಮ್.

ಮೊದಲು ಫೋನ್ ಆ್ಯಪ್‌ನಲ್ಲಿ ನೋಡಿದೆ. ರೀಲ್ಸ್‌ಗೆ ನಾನು ದಿನಾ ಬಳಸುವ ಆ್ಯಪ್ ಅದು. ಮೊಸಾಯಿಕ್ ಚೌಕ ಒಂದನ್ನು ಮುಖದ ಮೇಲೆ ಇಟ್ಟು, ಅವನು ಕದಲಿದಂತೆ ಬೆರಳಿನಲ್ಲಿ ಎಳೆಯುತ್ತಾ ಕೀಫ್ರೇಮ್, ಅಂದರೆ ಈ ಹೊತ್ತಿಗೆ ಚೌಕ ಇಲ್ಲಿರಲಿ ಅನ್ನುವ ಗುರುತು, ಹಾಕಬೇಕು. ಹತ್ತು ಸೆಕೆಂಡಿನ ಕ್ಲಿಪ್‌ಗೆ ಸಾಕು. ಇಲ್ಲಿ ಅರ್ಧ ಸೆಕೆಂಡಿಗೆ ಒಂದರಂತೆ ಹಾಕಿದರೂ 440 ಕೀಫ್ರೇಮ್. ಮುಖ ಎಲ್ಲಿದೆ ಅಂತ ನೋಡೋಣ ಅಂದರೆ ನನ್ನ ಬೆರಳೇ ಅಡ್ಡ. ತೊಂಬತ್ತಕ್ಕೆ ಕೈಬಿಟ್ಟೆ.

ಆಮೇಲೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್. ಯಾವುದು ಅಂತ ಹೇಳುವುದಿಲ್ಲ, ಜಗಳ ಬೇಡ. ಕಲಿಯಲು ಮಾತ್ರ ಇದೇ ಸುಲಭ, ಅದನ್ನು ಒಪ್ಪಿಕೊಳ್ಳಲೇಬೇಕು. ಕ್ಲಿಪ್ ಮೇಲೆ ಗಾಸಿಯನ್ ಬ್ಲರ್ ಹಾಕು, ಮುಖದ ಸುತ್ತ ಒಂದು ಮೊಟ್ಟೆ ಬರೆ, ಮುಖದ ಹಿಂದೆ ಆ ಮೊಟ್ಟೆ ತಾನೇ ಹೋಗಲು ಟ್ರ್ಯಾಕ್ ಒತ್ತು, ಕಾಫಿ ಕುಡಿದು ಬಾ. ಮೊದಲ ನಲವತ್ತು ಸೆಕೆಂಡ್ ಬೆಣ್ಣೆಯಂತೆ ಹೋಯಿತು.

ನಲವತ್ತೊಂದನೇ ಸೆಕೆಂಡಿನಲ್ಲಿ ಒಬ್ಬರು ಮಾವ ಅಡ್ಡ ಬಂದರು.

ಕೊಡವ ಮದುವೆ ನೋಡಿದವರಿಗೆ ಗೊತ್ತು. ಮದುಮಗನದು ಬಿಳಿ ಕುಪ್ಯ (ಉದ್ದನೆಯ ನಿಲುವಂಗಿ), ಕುಪ್ಯ ಹಾಕಿದ ಉಳಿದ ಗಂಡಸರೆಲ್ಲ ಕಪ್ಪಿನಲ್ಲಿ. ಸೊಂಟಕ್ಕೆ ಸುತ್ತುವ ಕೆಂಪು ಪಟ್ಟಿ ಚೇಲೆ, ತಲೆಗೆ ಒಂದೇ ಥರದ ಪೇಟ. ಟ್ರ್ಯಾಕರ್‌ಗೆ ಮನುಷ್ಯರ ಗುರುತು ಸಿಗುವುದಿಲ್ಲ. ಅದು ಹಿಡಿದುಕೊಳ್ಳುವುದು ಬಣ್ಣ, ಬೆಳಕು, ಅಂಚುಗಳನ್ನು. ಮಾವ ಹುಡುಗನ ಮುಂದೆ ಹಾದರು, ಬ್ಲರ್ ಮಾವನ ಮುಖ ಹತ್ತಿ ಕುಳಿತಿತು. ಅವರ ಜೊತೆಗೇ ಊಟದ ಹಾಲ್ ಕಡೆ ನಡೆದೂಬಿಟ್ಟಿತು. ಇತ್ತ ನಮ್ಮ ಜ್ವರದ ಹುಡುಗ ಹಲ್ಲು ಕಿರಿದು ಕುಣಿಯುತ್ತಿದ್ದಾನೆ, ಫುಲ್ ಎಚ್‌ಡಿಯಲ್ಲಿ!

ಇದು ಯಾವ ಸಾಫ್ಟ್‌ವೇರ್‌ನಲ್ಲೂ ಆಗುವಂಥದ್ದೇ, ಅದಕ್ಕೆ ಬೇಜಾರಿಲ್ಲ. ಬೇಜಾರಾದದ್ದು ಸರಿ ಮಾಡಲು ಕೂತಾಗ. ಅದು ಪ್ರತಿ ಫ್ರೇಮ್‌ಗೂ ಒಂದು ಕೀಫ್ರೇಮ್ ಹಾಕಿ ಹೋಗಿರುತ್ತದೆ. ಒಂದು ಫ್ರೇಮ್‌ನಲ್ಲಿ ಮಾಸ್ಕ್ (ಅದೇ ಮೊಟ್ಟೆ) ಎಳೆದು ಸರಿ ಮಾಡಿದರೆ ಮುಂದಿನ ಫ್ರೇಮ್‌ಗೆ ಅದು ಮತ್ತೆ ಮಾವನ ಹತ್ತಿರ ಓಡುತ್ತದೆ. ತಪ್ಪು ಕೀಫ್ರೇಮ್‌ಗಳನ್ನೆಲ್ಲ ಆರಿಸಿ ಅಳಿಸಬೇಕು, ಮಾಸ್ಕ್ ಕೂರಿಸಬೇಕು, ಮತ್ತೆ ಟ್ರ್ಯಾಕ್ ಒತ್ತಬೇಕು. ಎರಡು ಸೆಕೆಂಡ್ ಆಗುವಷ್ಟರಲ್ಲಿ ಇನ್ನೊಬ್ಬರು ಅಡ್ಡ. ವಾಲಗದ ಕುಣಿತದಲ್ಲಿ ಜನ ಅಡ್ಡ ಬರದೆ ಇರುತ್ತಾರಾ? ನಾನು ಎಣಿಸಿದೆ, ಹದಿನೇಳು ಸಲ.

ಇದರ ನಡುವೆ ಲೈನ್ ಮೇಲೆ ಮರ ಬಿದ್ದು ನಮ್ಮ ನಾಪೋಕ್ಲು ಕಡೆ ಎರಡು ದಿನ ಕರೆಂಟಿಲ್ಲ, ನೆಟ್ಟೂ ಇಲ್ಲ. ಇನ್ವರ್ಟರ್‌ನಲ್ಲಿ ಲ್ಯಾಪ್‌ಟಾಪ್ ಹಚ್ಚಿದರೆ ಸಾಫ್ಟ್‌ವೇರ್ ಮತ್ತೆ ಸೈನ್ ಇನ್ ಕೇಳಿತು. ಸಿಗ್ನಲ್‌ಗಾಗಿ ಕೊಡೆ ಹಿಡಿದು ಗುಡ್ಡ ಹತ್ತಿ ಹಾಟ್‌ಸ್ಪಾಟ್ ಹಾಕಿದ್ದೂ ಆಯಿತು. ಬಿಟ್ಟುಬಿಡೋಣ ಅಂತ ನೋಡಿದರೆ ನಾನು ಒಪ್ಪಿದ್ದು ವರ್ಷದ ಪ್ಲಾನ್, ತಿಂಗಳದ್ದು ಬರೀ ಕಂತು. ಅದನ್ನು ಸರಿಯಾಗಿ ಓದದೆ ಇದ್ದದ್ದು ನನ್ನ ತಪ್ಪೇ ಅನ್ನಿ.

ರಿಸಾಲ್ವ್‌ಗೆ ಬಂದದ್ದು ಹೀಗೆ. ಮೊದಲ ದಿನ ತಲೆ ಕೆಟ್ಟಿತು. ಇಲ್ಲಿ ಬ್ಲರ್ ಎಡಿಟ್ ಪೇಜ್‌ನಲ್ಲೂ ಸಿಗುತ್ತದೆ, ಆದರೆ ಮುಖದ ಕೆಲಸಕ್ಕೆ ಕಲರ್ ಪೇಜ್‌ಗೇ ಹೋಗಬೇಕು. ಹೊಸ ನೋಡ್ (ಎಫೆಕ್ಟ್ ಹಾಕುವ ಒಂದು ಹಂತ) ಒಂದು ಹಾಕಿ, ದುಂಡನೆಯ ಪವರ್ ವಿಂಡೋ (ಎಫೆಕ್ಟ್ ಎಷ್ಟು ಜಾಗಕ್ಕೆ ಅನ್ನುವ ಗೆರೆ) ಮುಖದ ಮೇಲಿಟ್ಟು, ಕಂಟ್ರೋಲ್ ಟಿ ಒತ್ತಿದರೆ ಟ್ರ್ಯಾಕ್ ಆಗುತ್ತದೆ. ಬ್ಲರ್ ಪ್ಯಾನೆಲ್‌ನಲ್ಲಿ ರೇಡಿಯಸ್ 0.50 ಇರುತ್ತದೆ. ಮೇಲೆ ಎಳೆದರೆ ಮಸುಕು, ಕೆಳಗೆ ಎಳೆದರೆ ಉಲ್ಟಾ ಶಾರ್ಪ್. ನಾನು ಮೊದಲು ಕೆಳಗೆ ಎಳೆದು ಹುಡುಗನ ಮೊಡವೆ ಎಣಿಸುವ ಹಾಗೆ ಮಾಡಿದ್ದೆ.

ಮಾವ ಇಲ್ಲೂ ಅಡ್ಡ ಬಂದರು, ಬ್ಲರ್ ಇಲ್ಲೂ ಅವರ ಹಿಂದೆ ಹೋಯಿತು. ಆದರೆ ಟ್ರ್ಯಾಕರ್‌ನಲ್ಲಿ ಒಂದು ಗ್ರಾಫ್ ಕಾಣುತ್ತದೆ. ಗೆರೆ ಎಲ್ಲಿ ಹುಚ್ಚುಹುಚ್ಚಾಗಿ ಜಿಗಿದಿದೆಯೋ ಅಷ್ಟನ್ನು ಎಳೆದು ಆರಿಸಿ ಅಳಿಸಬಹುದು, ಮುಂದಿನದು ಹಾಗೇ ಉಳಿಯುತ್ತದೆ. ಪಕ್ಕದಲ್ಲೇ ಕ್ಲಿಪ್, ಫ್ರೇಮ್ ಅಂತ ಎರಡು ಮೋಡ್ ಇವೆ. ಫ್ರೇಮ್‌ಗೆ ಬದಲಿಸಿ, ಮಾವ ಬರುವ ಮುಂಚೆ ಒಂದು ಕಡೆ, ಹೋದ ಮೇಲೆ ಒಂದು ಕಡೆ ವಿಂಡೋ ಕೂರಿಸಿದರೆ ನಡುವಿನ ದಾರಿಯನ್ನು ಅದೇ ತುಂಬಿಕೊಳ್ಳುತ್ತದೆ. ಮುಖ ಚೆನ್ನಾಗಿ ಕಾಣುವ ಜಾಗದಿಂದ ಶುರು ಮಾಡಿ ಹಿಂದಕ್ಕೂ ಮುಂದಕ್ಕೂ ಟ್ರ್ಯಾಕ್ ಮಾಡಬಹುದು. ರೊಟೇಟ್ ಮತ್ತು 3ಡಿ ಟಿಕ್ ತೆಗೆದ ಮೇಲೆ ವಿಂಡೋ ಸೊಟ್ಟ ಆಗುವುದೂ ನಿಂತಿತು. ಹದಿನೇಳರಲ್ಲಿ ಹನ್ನೆರಡು ಕಡೆ ಹೀಗೆ ಮುಗಿಸಿದೆ. ಉಳಿದ ಐದು ಕಡೆ ಅವನು ಪೂರ್ತಿ ಮರೆಯಾಗಿದ್ದ. ಅಲ್ಲಿ ಸುಮ್ನೆ ಕ್ಲಿಪ್ ಕತ್ತರಿಸಿ ಆ ತುಂಡಿನ ಬ್ಲರ್ ತೆಗೆದೆ. ಇಡೀ ಕೆಲಸ ಒಂದು ರಾತ್ರಿ.

ತಾಪತ್ರಯ ಇಲ್ಲವೇ ಇಲ್ಲ ಅಂತಲ್ಲ. ನನ್ನ ಲ್ಯಾಪ್‌ಟಾಪ್‌ನ 8 ಜಿಬಿ ರ‍್ಯಾಮ್‌ಗೆ ಇದು ಭಾರ. ಇನ್ನೊಂದು 8 ಜಿಬಿ ಹಾಕಿಸಿದೆ, ಪ್ರಾಕ್ಸಿ (ವಿಡಿಯೋದ ಹಗುರವಾದ ನಕಲು) ಮಾಡಿಕೊಂಡೇ ಕೆಲಸ ಮಾಡುತ್ತೇನೆ. 4ಕೆ ಫುಟೇಜ್‌ನಲ್ಲಿ ಒಂದು ನೋಡ್‌ನ ಬ್ಲರ್ ಸಾಲುವುದಿಲ್ಲ, ಮುಖ ಗುರುತು ಸಿಗುತ್ತದೆ. ಎರಡನೇ ನೋಡ್ ಹಾಕಿ. ಪುಕ್ಕಟೆಯದ್ದರಲ್ಲಿ ಮನುಷ್ಯರನ್ನು ತಾನೇ ಗುರುತಿಸಿ ಹಿಡಿಯುವ ಮ್ಯಾಜಿಕ್ ಮಾಸ್ಕ್ ಇಲ್ಲ, ಲೆನ್ಸ್ ಬ್ಲರ್ ಹಾಕಿದರೆ ವಾಟರ್‌ಮಾರ್ಕ್ ಬರುತ್ತದೆ. ಅವು ಬೇಕಿದ್ದರೆ ರಿಸಾಲ್ವ್‌ನ ದುಡ್ಡಿನ ಆವೃತ್ತಿ ಸ್ಟುಡಿಯೋ ತಗೋಬೇಕು, 295 ಡಾಲರ್. ಒಮ್ಮೆ ಕೊಟ್ಟರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ನನಗೆ ಇನ್ನೂ ಬೇಕು ಅನ್ನಿಸಿಲ್ಲ.

ಫೋನ್ ನೆಟ್ಟಗೆ ಹಿಡಿದು ತೆಗೆದ ವಿಡಿಯೋದ ಎರಡು ಬದಿಯ ಖಾಲಿ ಜಾಗಕ್ಕೆ ಬ್ಲರ್ ತುಂಬಿಸುವುದು ಮೂರು ಸಾಫ್ಟ್‌ವೇರ್‌ನಲ್ಲೂ ಒಂದೇ, ಎರಡು ನಿಮಿಷದ ಕೆಲಸ.

ಕಾರ್ ನಂಬರ್ ಪ್ಲೇಟ್‌ಗೆ ತೆಳ್ಳಗೆ ಬ್ಲರ್ ಹಾಕಬೇಡಿ. ಅಂಕಿಗಳನ್ನು ಊಹಿಸಿಬಿಡಬಹುದು. ಪೂರ್ತಿ ಕಪ್ಪು ಪಟ್ಟಿ ಒಳ್ಳೆಯದು.

ದಿನಾ ಎಡಿಟ್ ಮಾಡುವವರಿಗೆ, ಪೇಟೆಯಲ್ಲಿ ನೆಟ್ ಕೈಕೊಡದ ಕಡೆ ಇರುವವರಿಗೆ ಬಾಡಿಗೆಯದ್ದೇ ಸರಿಹೋಗಬಹುದು. ನಾನು ವರ್ಷಕ್ಕೆ ಹತ್ತು ಹನ್ನೆರಡು ಮದುವೆ ಮಾಡುವವನು, ಉಳಿದ ಹೊತ್ತು ತೋಟದಲ್ಲಿ. ಕೆಲಸ ಇಲ್ಲದ ಆರು ತಿಂಗಳಿಗೂ ಬಾಡಿಗೆ ಕಟ್ಟುವ ಬದಲು ಆ ದುಡ್ಡಿಗೆ ರ‍್ಯಾಮ್ ಬಂತು.

ವಿಡಿಯೋ ಕಳಿಸಿದ ಸಂಜೆಯೇ ಹುಡುಗನ ಮೆಸೇಜ್: "ಸೂಪರ್ ಅಣ್ಣಾ, ಮುಖ ಕಾಣ್ತಾನೇ ಇಲ್ಲ. ಆದ್ರೆ ಎರಡನೇ ನಿಮಿಷದಲ್ಲಿ ಅಜ್ಜಿ ನನ್ನ ಹೆಸರು ಹಿಡಿದು ಕೂಗ್ತಾರಲ್ವಾ?"

ರಿಸಾಲ್ವ್‌ನಲ್ಲಿ ಸೌಂಡ್ ಕೆಲಸಕ್ಕಿರುವ ಫೇರ್‌ಲೈಟ್ ಪೇಜ್‌ಗೆ ಹೋಗಿ ಆ ಒಂದು ಸೆಕೆಂಡ್ ಮ್ಯೂಟ್ ಮಾಡಿ, ಬೇರೆ ಕಡೆಯಿಂದ ವಾಲಗದ ತುಂಡೊಂದನ್ನು ತಂದು ಅಲ್ಲಿ ಕೂರಿಸಿದೆ. ಅಜ್ಜಿಯ ಬಾಯಿ ಆಡುವುದು ಹಾಗೇ ಇದೆ.